ಎಣ್ಣೆ, ನೀರು ಮತ್ತು ಗುಂಗುರು ಕೂದಲು

ಕಳೆದ ದೀಪಾವಳಿ ಸಂಚಿಕೆಯ ಈ ಪುಟದಲ್ಲಿ ನಾವು ಅಭ್ಯಂಜನದ ವಿಷಯ ಬರೆದಿದ್ದೆವು. ವಾಚಕ ಸೋದರಿಯರಿಗೆ ನೆನಪಿರಬಹುದು. ಎಣ್ಣೆಯ ಗುಣಗಾನ ಮಾಡುವ ಉತ್ಸಾಹದಲ್ಲಿ ಕೊನೆಗೊಂದು ಮಾತು ಸೇರಿಸಿದ್ದೆವು: ಕೂದಲು ಒರಟಾಗಿದ್ದರೆ ಹರಳೆಣ್ಣೆಯನ್ನು ಧಾರಾಳವಾಗಿ ಹಚ್ಚಿ, ಮರುದಿನ ಚೆನ್ನಾಗಿ ತಿಕ್ಕಿ ತೊಳೆಯಿರಿ, ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದು ಎಂದು. ಬರೆಯುವಾಗ ಆ ಮಾತು ನಮಗೆ ಬಹಳ ಸರಿಯಾಗಿಯೇ ಕಂಡಿತ್ತು. ಅದು ಸರಿಯಲ್ಲವೆಂಬುದನ್ನು ಉಮರೇಡಿನ ಹತ್ತು ವರ್ಷದ ಒಬ್ಬ ಹುಡುಗಿಯ ತಲೆ ನಮಗೆ ಕಲಿಸಿಕೊಟ್ಟಿತು. ಆದ್ದರಿಂದ ಈ ಸಲದ ಪುಟ ಅರ್ಧ ತಪ್ಪೊಪ್ಪಿಗೆ, ಅರ್ಧ ತಿದ್ದುಪಡಿ.

ಡಿಸೆಂಬರಿನ ಕೊನೆಯಲ್ಲಿ ಆ ಹುಡುಗಿಯ ತಾಯಿ ನಮಗೊಂದು ಕಾಗದ ಬರೆದರು. "ನೀವು ಬರೆದಂತೆಯೇ ಮಾಡಿದೆವು. ಮಗಳ ಹಿಂದಲೆಯಲ್ಲಿ ಮುಷ್ಟಿಯಷ್ಟು ದೊಡ್ಡ ಗಂಟು ಬಿದ್ದಿದೆ. ಬಿಡಿಸಲು ಬಾರದು, ಕತ್ತರಿಸಲು ಮನೆಯಲ್ಲಿ ಒಪ್ಪುವುದಿಲ್ಲ. ಏನು ಮಾಡೋಣ?" ಕಾಗದದಲ್ಲಿ ದೂರಿನ ಮಾತಿರಲಿಲ್ಲ. ಆದರೆ ಓದಿದ ಮೇಲೆ ಸುಮ್ಮನೆ ಕುಳಿತಿರುವುದು ನಮ್ಮಿಂದಾಗಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡುವ ನೆಪ ಮಾಡಿಕೊಂಡು ನಾಗಪುರದಿಂದ ಬಸ್ಸು ಹಿಡಿದೆವು.

ಉಮರೇಡ್ ನಾಗಪುರದ ಆಗ್ನೇಯಕ್ಕೆ, ಸುಮಾರು ೫೦ ಕಿಲೋಮೀಟರಿನ ಒಳಗಿರುವ ಊರು. ಒಂದು ಕಡೆ ಹುಲಿಗಳಿರುವ ಕರ್ಹಾಂಡ್ಲಾ ಅಭಯಾರಣ್ಯ, ಇನ್ನೊಂದು ಕಡೆ ಕಲ್ಲಿದ್ದಲಿನ ತೆರೆದ ಗಣಿ. ಬೇಸಿಗೆಯಲ್ಲಿ ಬಿಸಿಲು ೪೫ ಡಿಗ್ರಿ ಮುಟ್ಟುವ ಸೀಮೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಶೀಸೆಯೊಳಗೆ ಕಲ್ಲಾಗಿ ಕೂಡುವ ಸೀಮೆ. ನಮ್ಮನ್ನು ಕರೆದ ಮನೆಯವರು ಬೆಳಗಾವಿ ಜಿಲ್ಲೆಯಿಂದ ಬಂದವರು. ಯಜಮಾನರಿಗೆ ಗಣಿಯ ಕಡೆಯಲ್ಲಿ ಕೆಲಸ. ಬೋರಿನ ನೀರು, ಕಪ್ಪು ಧೂಳು, ಒಣಗಾಳಿ ಮೂರೂ ಆ ಮನೆಗೆ ದಿನನಿತ್ಯದ ಅತಿಥಿಗಳು.

ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವಳದು ಅಪ್ಪಟ ಗುಂಗುರು ಕೂದಲು. ನಮ್ಮ ಹಳೆಯ ಕವಿಗಳು "ಕುಟಿಲಕುಂತಳೆ" ಎಂದು ಹಿಗ್ಗಿ ಹಾಡಿದ ಬಗೆಯದು. ಆದರೆ ಕವಿಗಳು ಹಿಗ್ಗಿದ್ದನ್ನು ಶಾಲೆಯಲ್ಲಿ ಕುರಿಯ ತುಪ್ಪಟವೆಂದು ನಗುತ್ತಾರೆ. ತಾಯಿ ಹೇಳಿದರು: "ನೋಡ್ರಿ ಅಕ್ಕಾರ, ದಿನಾ ಮುಂಜಾನೆ ಬಾಚೂದು ಅಂದ್ರ ಒಂದು ಯುದ್ಧ ಆಗೇದ. ಅಕಿ ಅಳತಾಳ, ನಾನೂ ಅಳತೀನಿ. ಈ ಕೂದಲಾ ನೆಟ್ಟಗ ಮಾಡಿಸಿಬಿಡೂಣು ಅಂತ ಯೋಚನಿ ಮಾಡೀವಿ." ಅಜ್ಜಿ ಮಾತ್ರ ಮೂಲೆಯಲ್ಲಿ ಕೂತು ಬೇರೆಯದೇ ಭಯದಲ್ಲಿದ್ದರು. ನಾವು ಗಂಟನ್ನು ಮುಟ್ಟಿ ನೋಡುತ್ತಿದ್ದಂತೆ ಎದ್ದು ಬಂದು ನಮ್ಮ ಕೈ ಹಿಡಿದರು: "ಕತ್ತರಿ ಹಚ್ಚಬ್ಯಾಡ್ರಿ ಯವ್ವಾ. ಇದು ಯಲ್ಲಮ್ಮನ ಜಡಿ ಇದ್ದರ ಏನು ಗತಿ?"

ಈ ಒಂದು ಮಾತಿಗೆ ನಮ್ಮ ಎದೆ ಧಸಕ್ಕೆಂದಿತು. ಬೆಳಗಾವಿ, ಧಾರವಾಡ, ಕೊಲ್ಲಾಪುರ, ಸಾಂಗಲಿಗಳ ಕಡೆ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಗುವಿನ ತಲೆಯಲ್ಲಿ ಸಿಕ್ಕು ಗಟ್ಟಿಯಾಗಿ ಜಡೆ ಬಿದ್ದರೆ ಅದು ಸವದತ್ತಿಯ ದೇವಿಯ ಕರೆಯೆಂದು ನಂಬಿ, ಅದನ್ನು ಬಾಚದೆ, ತೊಳೆಯದೆ ಬಿಟ್ಟು, ಕೊನೆಗೆ ಹುಡುಗಿಯನ್ನೇ ದೇವರಿಗೆ ಬಿಡುತ್ತಿದ್ದ ಕಾಲವಿತ್ತು. ಎಷ್ಟು ಎಳೆಯ ಬಾಳುಗಳು ಒಂದು ಕೂದಲ ಗಂಟಿಗೆ ಬಲಿಯಾದವೋ! ಇದನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲೇ ಕಾಯಿದೆಯಾಯಿತು. ಕರ್ನಾಟಕದಲ್ಲಿ ೧೯೮೨ರ ಕಾಯಿದೆ, ಮಹಾರಾಷ್ಟ್ರದಲ್ಲಿ ೨೦೦೫ರ ಕಾಯಿದೆ ಬಂದವು. ಡಾ. ನರೇಂದ್ರ ದಾಭೋಲ್ಕರ್ ಅವರು ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಒಪ್ಪಿಸಿ, ಇಂಥ ಜಡೆಗಳನ್ನು ಕತ್ತರಿಸಿ ಬಂದಿದ್ದಾರೆ. ಕಾಯಿದೆ ಪುಸ್ತಕದಲ್ಲಿದ್ದರೂ ಅಜ್ಜಿಯ ಭಯ ಎದೆಯಲ್ಲಿರುತ್ತದೆ. ಅದನ್ನು ಕಾಯಿದೆ ಹೇಳಿ ಓಡಿಸಲು ಬರುವುದಿಲ್ಲ.

ನಾವು ಅಜ್ಜಿಗೆ ಇಷ್ಟೇ ಹೇಳಿದೆವು: "ಅಮ್ಮಾ, ದೇವಿಯ ಮೇಲಿನ ಭಕ್ತಿ ನಿಮ್ಮದು, ಅದು ಹಾಗೆಯೇ ಇರಲಿ. ಈ ಗಂಟು ಮಾತ್ರ ದೇವಿಯದಲ್ಲ, ನಮ್ಮದು. ನಾವು ಪುಸ್ತಕದಲ್ಲಿ ತಪ್ಪು ಬರೆದೆವು, ನಿಮ್ಮ ಸೊಸೆ ಅದನ್ನು ನಂಬಿದರು. ಗಂಟು ಹಾಕಿದವರೇ ಬಿಡಿಸಬೇಕಷ್ಟೆ? ಕೂತು ಬಿಡಿಸುತ್ತೇವೆ." ಅಜ್ಜಿ ಬಹಳ ಹೊತ್ತು ನಮ್ಮ ಮುಖ ನೋಡಿದರು. ಆಮೇಲೆ ತಾವೇ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ತಂದರು.

ಎರಡು ಸಂಜೆ ಹಿಡಿಯಿತು. ಗಂಟಿಗೆ ಎಣ್ಣೆ ಕುಡಿಸಿ, ಬಾಚಣಿಗೆಯನ್ನು ಪಕ್ಕಕ್ಕಿಟ್ಟು, ಹೆಣಿಗೆಯ ಕಡ್ಡಿಯ ತುದಿಯಿಂದ ಕೆಳಗಿನ ಎಳೆಗಳನ್ನು ಒಂದೊಂದಾಗಿ ಹೊರಗೆಳೆದೆವು. ಮುಕ್ಕಾಲು ಪಾಲು ಬಿಟ್ಟಿತು. ಅಡಿಕೆಯಷ್ಟು ಉಳಿದದ್ದು ಏನು ಮಾಡಿದರೂ ಬಿಡಲಿಲ್ಲ. ಅದನ್ನು ಕತ್ತರಿಸಬೇಕಾಯಿತು. ಕತ್ತರಿ ಹಿಡಿದವರು ಯಾರೆಂದುಕೊಂಡಿರಿ? ಅಜ್ಜಿ.

ಇನ್ನು, ಹೀಗೇಕಾಯಿತು ಎಂಬುದನ್ನು ನೋಡೋಣ. ಗುಂಗುರು ಕೂದಲಿನ ಎಳೆಯನ್ನು ಅಡ್ಡ ಕೊಯ್ದು ನೋಡಿದರೆ ಅದು ದುಂಡಗಿರುವುದಿಲ್ಲ, ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿರುತ್ತದೆ. ನೆತ್ತಿಯ ಚರ್ಮದಲ್ಲಿ ತಾನಾಗಿ ಒಸರುವ ಜಿಡ್ಡು ನೆಟ್ಟಗಿನ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ; ಗುಂಗುರಿನಲ್ಲಿ ಸುತ್ತುಸುತ್ತಿನ ದಾರಿಯಾದ್ದರಿಂದ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣಗು. ಕೂದಲ ಮೈಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಪದರಗಳಿವೆ. ನೀರು ಹೀರಿ ಕೂದಲು ಉಬ್ಬಿದಾಗ ಈ ಹೆಂಚುಗಳು ಏಳುತ್ತವೆ. ಆಗ ತಿಕ್ಕಿದರೆ ಒಂದು ಎಳೆಯ ಹೆಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಕುರಿಯ ಉಣ್ಣೆಯನ್ನು ನೀರು ಹಾಕಿ ತಿಕ್ಕಿ ಕಂಬಳಿ ಗಟ್ಟಿಮಾಡುವುದು ಇದೇ ರೀತಿಯಲ್ಲಿ. ಹರಳೆಣ್ಣೆಯೋ ಜೇನಿನಂತೆ ಮಂದ. ಅದು ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯಿತು, ಮೇಲಿನಿಂದ ತಾಯಿ ನಾವು ಬರೆದಂತೆ "ಚೆನ್ನಾಗಿ ತಿಕ್ಕಿ" ತೊಳೆದರು. ಕಂಬಳಿ ಸಿದ್ಧವಾಯಿತು. ಇಂಥದೇ ಒಂದು ಪ್ರಕರಣವನ್ನು ೨೦೧೭ರಲ್ಲಿ ನಮ್ಮ ದೇಶದ ಚರ್ಮವೈದ್ಯರು ತಮ್ಮ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಹರಳೆಣ್ಣೆ ಹಚ್ಚಿ ತೊಳೆದ ತರುಣಿಯೊಬ್ಬಳ ಉದ್ದ ಕೂದಲು ಗಟ್ಟಿ ಗಂಟಾಗಿ, ಕತ್ತರಿಸುವುದಲ್ಲದೆ ಬೇರೆ ದಾರಿಯಿರಲಿಲ್ಲವಂತೆ. ಇದು ಅಪರೂಪದ ಸಂಗತಿಯೇ. ಆದರೂ ಬರೆಯುವ ಮೊದಲು ನಾವು ಓದಿರಬೇಕಾಗಿತ್ತು.

ಹಾಗಾದರೆ ಎಣ್ಣೆಯೇ ಬೇಡವೆ? ಬೇಕು. ಯಾವ ಎಣ್ಣೆ, ಎಷ್ಟು, ಯಾವಾಗ ಎಂಬುದೇ ಪ್ರಶ್ನೆ.

ಕೊಬ್ಬರಿ ಎಣ್ಣೆ ಗುಂಗುರು ಕೂದಲಿಗೆ ಮೊದಲ ಆಯ್ಕೆ. ೨೦೦೩ರಲ್ಲಿ ರೇಳೆ ಮತ್ತು ಮೋಹಿಲೆ ಎಂಬ ಮುಂಬಯಿಯ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷಿಸಿದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನು ಸವೆದುಹೋಗುತ್ತದಷ್ಟೆ. ಆ ಸವೆತವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಕಣಗಳು ಸಣ್ಣವೂ ನೆಟ್ಟಗಿನವೂ ಆದ್ದರಿಂದ ಕೂದಲಿನೊಳಕ್ಕೆ ಇಳಿಯುತ್ತವೆ. ಉಳಿದವು ಹೊರಗೇ ಕೂಡುತ್ತವೆ. ಈ ಪರೀಕ್ಷೆ ನಡೆದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಪ್ರಯೋಗಶಾಲೆಯಲ್ಲಿ ಎಂಬುದನ್ನೂ ಹೇಳಿಬಿಡುತ್ತೇವೆ; ಆದರೆ ನಮ್ಮ ಅಜ್ಜಿಯರ ಅನುಭವವೂ ಅದೇ ಕಡೆಗಿದೆ. ಪರಿಮಳದ ಎಣ್ಣೆ ಕೊಳ್ಳುವವರು ಶೀಸೆಯ ಹಿಂದಿನ ಚೀಟಿ ಓದಿರಿ. ಹಲವು ಶೀಸೆಗಳಲ್ಲಿ ಹೆಚ್ಚಿನ ಪಾಲು ಖನಿಜ ತೈಲವೇ ಇರುತ್ತದೆ.

ಎಳ್ಳೆಣ್ಣೆ ಮೈಗೆ ಒಳ್ಳೆಯದು. ತಲೆಗೂ ಆಗುತ್ತದೆ, ಆದರೆ ಕೊಬ್ಬರಿ ಎಣ್ಣೆಗಿಂತ ಮಂದ. ಹರಳೆಣ್ಣೆಯನ್ನು ಬಿಡಲಾರೆವೆನ್ನುವವರು ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಮಾತ್ರ ಬೆರೆಸಿರಿ. ಗುಂಗುರು ಕೂದಲಿನ ಮಕ್ಕಳಿಗೆ ಅದೂ ಬೇಡ. ಸಾಸಿವೆ ಎಣ್ಣೆ ಕೆಲವರ ಚರ್ಮಕ್ಕೆ ಉರಿ ತರುತ್ತದೆ. ಇನ್ನು ಈ ವಿದರ್ಭದ ಸೀಮೆಯಲ್ಲಿ ಅಗಸೆ ಎಣ್ಣೆ ಸುಲಭವಾಗಿ ಸಿಗುತ್ತದೆ. ಇಲ್ಲಿಯವರು ಅಗಸೆಗೆ ಜವಸ ಎನ್ನುತ್ತಾರೆ. ಅದು ಅಡಿಗೆಗೆ ಸೈ, ಕೂದಲಿಗೆ ಬೇಡ. ಗಾಳಿ ತಗುಲಿದರೆ ಒಣಗಿ ಅಂಟಾಗುವ ಎಣ್ಣೆ ಅದು. ಬಣ್ಣ ಹಚ್ಚುವವರು ಅದನ್ನು ಬಳಸುವುದು ಆ ಗುಣಕ್ಕಾಗಿಯೇ. ಆದರೆ ಅಗಸೆಯ ಬೀಜಕ್ಕೆ ಬೇರೊಂದು ಉಪಯೋಗವಿದೆ, ಮುಂದೆ ಹೇಳುತ್ತೇವೆ.

ಎಣ್ಣೆ ಯಾವಾಗ? ನೀರಿಗೆ ಮೊದಲು. ಇದೇ ಈ ಪುಟದ ಸಾರ. ಮೊದಲೇ ಹಚ್ಚಿದ ಎಣ್ಣೆ ಕೂದಲು ಅತಿಯಾಗಿ ನೀರು ಹೀರಿ ಉಬ್ಬದಂತೆ ಕಾಯುತ್ತದೆ. ತೊಳೆದು ಒಣಗಿಸಿದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಅಂಗೈ ತುಂಬ ಹಚ್ಚಿ ಶಾಲೆಗೆ ಕಳಿಸಿದರೆ, ಉಮರೇಡಿನಂಥ ಊರಿನಲ್ಲಿ ಸಂಜೆಯ ಹೊತ್ತಿಗೆ ಧೂಳೆಲ್ಲ ತಲೆಯಲ್ಲಿ ಮೆತ್ತಿಕೊಂಡಿರುತ್ತದೆ. ಆ ಧೂಳನ್ನು ತೆಗೆಯಲು ಮತ್ತೆ ಜೋರಾಗಿ ತಿಕ್ಕಬೇಕು, ತಿಕ್ಕಿದರೆ ಮತ್ತೆ ಗಂಟು.

ನಾವು ಆ ಮನೆಯಲ್ಲಿ ಮಾಡಿ ತೋರಿಸಿದ ಕ್ರಮ ಹೀಗಿದೆ:

ಮೊದಲು, ಒಣ ಕೂದಲನ್ನು ನಾಲ್ಕು ಪಾಲು ಮಾಡಿ ಸಡಿಲವಾಗಿ ಕಟ್ಟಿರಿ. ಭುಜದವರೆಗಿನ ಕೂದಲಿಗೆ ಎರಡು ಚಹಾ ಚಮಚ ಕೊಬ್ಬರಿ ಎಣ್ಣೆ ಸಾಕು. ನಸುಬೆಚ್ಚಗೆ ಮಾಡಿ, ಅಂಗೈಗೆ ಸವರಿಕೊಂಡು, ತುದಿಯಿಂದ ಮೇಲಕ್ಕೆ ಹಚ್ಚುತ್ತ ಬನ್ನಿ. ನೆತ್ತಿಗೆ ಬೆರಳ ತುದಿಯಷ್ಟು ಸಾಕು. ಹಚ್ಚುವಾಗಲೇ ಬೆರಳುಗಳಿಂದ ಸಿಕ್ಕು ಬಿಡಿಸಿರಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿರಿ.

ಆಮೇಲೆ ಬರಿಯ ಉಗುರುಬೆಚ್ಚನೆಯ ನೀರನ್ನು ಮೇಲಿನಿಂದ ಕೆಳಕ್ಕೆ ಧಾರೆಯಾಗಿ ಹೊಯ್ಯಿರಿ. ಸುಡುವ ನೀರು ಬೇಡ. ಸೀಗೆಕಾಯಿಯ ಪುಡಿಯನ್ನು ಗುಂಗುರು ಕೂದಲಿಗೆ ನೇರವಾಗಿ ಹಾಕಬೇಡಿ. ಚೂರುಗಳು ಸುರುಳಿಗಳಲ್ಲಿ ಸಿಕ್ಕಿ ಮೂರು ದಿನವಾದರೂ ಬಾರವು. ಎಂಟು ಹತ್ತು ಸೀಗೆಕಾಯಿಯನ್ನು ರಾತ್ರಿ ಎರಡು ಲೋಟ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವಿಚಿ, ತೆಳುಬಟ್ಟೆಯಲ್ಲಿ ಸೋಸಿದ ಕಷಾಯ ಉತ್ತಮ. ಅಂಟುವಾಳ ನೊರೆ ಚೆನ್ನಾಗಿ ಕೊಡುತ್ತದೆ, ಆದರೆ ಕೂದಲನ್ನು ಒಣಗಿಸುತ್ತದೆ. ಎರಡು ಕಾಯಿಗಿಂತ ಹೆಚ್ಚು ಸೇರಿಸಬೇಡಿ. ಎರಡೂ ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮಕ್ಕಳ ತಲೆ ಹಿಂದಕ್ಕೆ ಬಾಗಿಸಿ ಹಾಕಿರಿ. ಮೈಸೂರು ಕಡೆಯವರು ಚಿಗರೆಪುಡಿಯನ್ನು, ಶಿರಸಿ ಕಡೆಯವರು ದಾಸವಾಳದ ಎಲೆಯ ಗೊಂಪನ್ನು ನೆನೆಸಿಕೊಳ್ಳಬಹುದು. ಗೊಂಪಿನ ಲೋಳೆ ಸಿಕ್ಕು ಬಿಡಿಸುವುದರಲ್ಲಿ ಎತ್ತಿದ ಕೈ. ಶಾಂಪೂ ಬಳಸುವವರನ್ನು ನಾವು ಬೈಯುವುದಿಲ್ಲ. ಒಂದು ಚಮಚವನ್ನು ಒಂದು ಚೊಂಬು ನೀರಿನಲ್ಲಿ ಕಲಕಿ, ನೆತ್ತಿಗಷ್ಟೇ ಹಾಕಿರಿ. ಏನೇ ಹಾಕಿದರೂ ತಿಕ್ಕುವುದು ನೆತ್ತಿಯನ್ನು, ಬೆರಳ ಮೆತ್ತೆಯಿಂದ, ಕೂದಲನ್ನಲ್ಲ. ಕೂದಲನ್ನು ಉಂಡೆಮಾಡಿ ಬಟ್ಟೆಯಂತೆ ಒಗೆಯಬಾರದು.

ಮೈಸೋಪು ಮಾತ್ರ ಬೇಡವೇ ಬೇಡ. ಆ ಮನೆಯ ಬಚ್ಚಲಿನ ಹಂಡೆಯ ಒಳಗೆ ಕೈಯಾಡಿಸಿದಾಗ ಸುಣ್ಣದ ಗಟ್ಟಿ ಪದರ ಸಿಕ್ಕಿತು. ನೀರು ಗಡಸೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗಡಸು ನೀರಿನಲ್ಲಿ ಸೋಪು ನೊರೆ ಕೊಡುವ ಬದಲು ಮೊಸರೊಡೆದಂಥ ಬಿಳಿಯ ಜಿಗುಟಾಗಿ ಕೂದಲ ಮೇಲೆ ಕೂಡುತ್ತದೆ. ಸೀಗೆಕಾಯಿಗೆ ಈ ತೊಂದರೆಯಿಲ್ಲ. ನಿಮ್ಮ ಮನೆಯ ನೀರಿನ ಪರೀಕ್ಷೆ ಸುಲಭ: ಶೀಸೆಯಲ್ಲಿ ನೀರು ತುಂಬಿ, ಸೋಪಿನ ನಾಲ್ಕು ಚೂರು ಹಾಕಿ ಕುಲುಕಿರಿ. ನೊರೆ ಬಾರದೆ ನೀರು ಬೆಳ್ಳಗೆ ಕದಡಿದರೆ ಗಡಸು. ಕೊನೆಯ ಎರಡು ಚೊಂಬಿಗಾದರೂ ಕುದಿಸಿ ಆರಿಸಿ ತಿಳಿ ಬಸಿದ ನೀರನ್ನೋ, ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರನ್ನೋ ಬಳಸಿರಿ.

ಒರಸುವಾಗ ಒರಟು ಟವೆಲು ಬಿಡಿ, ಹಳೆಯ ಹತ್ತಿಯ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಇನ್ನೂ ಹಸಿಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋಗಿ. ಗುಂಗುರು ಕೂದಲನ್ನು ಒಣಗಿದ ಮೇಲೆ ಸಣ್ಣ ಹಣಿಗೆಯಿಂದ ಬಾಚಿದರೆ ಅದು ಹತ್ತಿಯಂತೆ ಉಬ್ಬುತ್ತದೆ, ಮಗು ಅಳುತ್ತದೆ. ವಾರಕ್ಕೆ ಒಂದು ಸಲ, ಧೂಳು ಹೆಚ್ಚಿರುವ ಊರಿನಲ್ಲಿ ಎರಡು ಸಲ, ಹೀಗೆ ತೊಳೆದರೆ ಸಾಕು.

ಈಗ ಅಗಸೆಯ ಮಾತು. ಉತ್ತರ ಕರ್ನಾಟಕದಲ್ಲಿ ನಾವು ರೊಟ್ಟಿಗೆ ಅಗಸಿ ಹಿಂಡಿ ತಿನ್ನುತ್ತೇವೆ, ಇಲ್ಲಿಯವರು ಜವಸದ ಚಟ್ನಿ ತಿನ್ನುತ್ತಾರೆ. ಹೆಸರು ಬೇರೆ, ಡಬ್ಬಿ ಒಂದೇ. ಆ ಡಬ್ಬಿಯಿಂದ ಎರಡು ಚಮಚ ಬೀಜ ತೆಗೆದು ಎರಡು ಬಟ್ಟಲು ನೀರಿನಲ್ಲಿ ಏಳೆಂಟು ನಿಮಿಷ ಕುದಿಸಿರಿ. ಮೊಟ್ಟೆಯ ಬಿಳಿಯಂತೆ ಲೋಳೆ ಬಂದೊಡನೆ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿರಿ. ಆರಿದರೆ ಸೋಸಲು ಬಾರದು. ಹಸಿ ಕೂದಲಿಗೆ ಈ ಲೋಳೆಯನ್ನು ಸ್ವಲ್ಪ ಸವರಿ, ಮುಷ್ಟಿಯಲ್ಲಿ ಮೆಲ್ಲಗೆ ಮೇಲಕ್ಕೆ ಒತ್ತಿ ಬಿಟ್ಟರೆ ಸುರುಳಿಗಳು ತಾವಾಗಿ ಕೂಡುತ್ತವೆ. ತಂಗಳುಪೆಟ್ಟಿಗೆಯಲ್ಲಿ ಒಂದು ವಾರ ಇರುತ್ತದೆ. ವಾಸನೆ ಬಂದರೆ ಚೆಲ್ಲಿಬಿಡಿ.

ಎರಡು ಎಚ್ಚರಿಕೆಯ ಮಾತು. ತಲೆಯಲ್ಲಿ ಹೊಟ್ಟು, ಕೆಂಪು, ತುರಿಕೆ ಇದ್ದರೆ ನೆತ್ತಿಗೆ ಎಣ್ಣೆ ಹಾಕಬೇಡಿ. ಹೊಟ್ಟಿಗೆ ಕಾರಣವಾದ ಸೂಕ್ಷ್ಮ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುವಂಥದು. ಇಂಥವರು ವೈದ್ಯರಿಗೆ ತೋರಿಸಬೇಕು. ಎರಡನೆಯದು, ಕೂದಲನ್ನು ನೆಟ್ಟಗೆ ಮಾಡಿಸುವ ವಿಚಾರ. ಅಂಥ ಕೆಲವು ದ್ರವಗಳನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಡುತ್ತದೆ. ಅದು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲೇ ತೀರ್ಮಾನಿಸಿತು. ಅದರ ಬದಲು ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪದಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣವನ್ನು ಫ್ರಾನ್ಸಿನ ವೈದ್ಯರು ೨೦೨೪ರಲ್ಲಿ ವರದಿ ಮಾಡಿದ್ದಾರೆ. ಹತ್ತು ವರ್ಷದ ಮಗುವಿಗೆ ಇದು ಬೇಕೆ? ಅಷ್ಟಕ್ಕೂ ಹುಟ್ಟುಗುಣ ಸುಟ್ಟರೂ ಹೋಗದು; ಬುಡದಿಂದ ಮತ್ತೆ ಬರುವುದು ಗುಂಗುರೇ.

ಹೊರಡುವ ದಿನ ಬೆಳಿಗ್ಗೆ ಆ ಹುಡುಗಿ ತಲೆಯ ಬಟ್ಟೆ ಬಿಚ್ಚಿ, ತೊಳೆದ ಕೂದಲಲ್ಲಿ ನಮ್ಮೆದುರು ಬಂದು ನಿಂತಳು. ಹಿಂದೆ ಕತ್ತರಿಸಿದ ಜಾಗ ಕಾಣಿಸದಂತೆ ಸುರುಳಿಗಳು ಇಳಿದಿದ್ದವು. ತಾಯಿ, "ನನ್ನ ಕೂದಲಾನೂ ಸಣ್ಣಕಿದ್ದಾಗ ಹಿಂಗ ಇತ್ತರಿ. ಬೈದು ಬೈದು ಎಳದು ಕಟ್ಟತಿದ್ರು," ಎಂದರು. ಅಜ್ಜಿ ಕೇಳಿಯೂ ಕೇಳದಂತೆ ಎಣ್ಣೆಯ ಶೀಸೆಯ ಮುಚ್ಚಳ ತಿರುಗಿಸುತ್ತಿದ್ದರು. ಬಸ್ಸಿಗೆ ಹೊತ್ತಾಗಿತ್ತು; ನಾವೂ ಏನೂ ಹೇಳಲಿಲ್ಲ.

ಯುಗಾದಿ ಬಂತು. ಎಣ್ಣೆ ಶಾಸ್ತ್ರಕ್ಕೆ ಮಕ್ಕಳನ್ನು ಮಣೆಯ ಮೇಲೆ ಕೂರಿಸುವಾಗ ಈ ಪುಟ ನೆನಪಾಗಲಿ. ಬಟ್ಟಲಿನಲ್ಲಿ ಎಣ್ಣೆ ಕಡಿಮೆಯಿರಲಿ, ಕೈಯಲ್ಲಿ ತಾಳ್ಮೆ ಹೆಚ್ಚಿರಲಿ. ದೀಪಾವಳಿ ಸಂಚಿಕೆಯನ್ನು ಕಾಪಾಡಿಟ್ಟುಕೊಂಡವರು ಆ ಹರಳೆಣ್ಣೆಯ ಸಾಲಿನ ಮೇಲೆ ದಯವಿಟ್ಟು ಒಂದು ಗೀಟು ಎಳೆಯಿರಿ. ನಿಮ್ಮ ಮನೆಯಲ್ಲಿ ಗುಂಗುರು ಕೂದಲಿಗೆ ಮಾಡುವ ಕ್ರಮ ಬೇರೆಯಿದ್ದರೆ ಬರೆದು ತಿಳಿಸಿರಿ. ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ. ಈ ಸಲ ಮಾತ್ರ, ಅಚ್ಚಿಗೆ ಕೊಡುವ ಮೊದಲು ಬಲ್ಲವರನ್ನು ಕೇಳಿಯೇ ಕೊಡುತ್ತೇವೆ.